ಕೂಗಬೇಕಾಗಿದ್ದ ಹೆಸರು

ಚುನಾವಣೆಯ ಬೆಳಿಗ್ಗೆ ಆರ್ಡೆಲ್ ಮುದುಕಿಯ ವೋಟು ಟೌನ್ ಹಾಲಿನ ಮೇಜಿನ ಮೇಲೆ ಬಂದು ಕೂತಿತ್ತು. ಮುದುಕಿ ಮಾತ್ರ ಹಿಂದಿನ ಶನಿವಾರವೇ ಮಣ್ಣು ಸೇರಿದ್ದಳು.

ಅಂಚೆಯಲ್ಲಿ ಬಂದ ವೋಟುಗಳನ್ನು ತೆಗೆಯುವುದಕ್ಕೆ ವಿಸ್ಕಾನ್ಸಿನ್‌ನ ಆ ಪುಟ್ಟ ಊರಿನಲ್ಲಿ ಇಬ್ಬರು ಕೂರುತ್ತಿದ್ದರು, ಪಕ್ಷಕ್ಕೊಬ್ಬರಂತೆ. ಡೆಮಾಕ್ರಾಟರ ಕತ್ತೆ ಗುರುತಿನ ಕಡೆಯಿಂದ ಮಾರ್ಲಿಸ್, ರಿಪಬ್ಲಿಕನ್ನರ ಆನೆ ಗುರುತಿನ ಕಡೆಯಿಂದ ಡೆಲ್ಬರ್ಟ್. ಅವನು ಲಕೋಟೆ ಎತ್ತಿ ಕೊಡಬೇಕು, ಅವಳು ಹಾಲಿಗೆಲ್ಲ ಕೇಳುವಂತೆ ಹೆಸರು ಕೂಗಬೇಕು. ಯಾರೂ ತಕರಾರು ತೆಗೆಯದಿದ್ದರೆ ಲಕೋಟೆ ಒಡೆದು ವೋಟನ್ನು ಯಂತ್ರಕ್ಕೆ ತಿನ್ನಿಸಬೇಕು. ಮಾರ್ಲಿಸ್‌ಗೆ ಕಂಚಿನ ಕಂಠ. ಎಷ್ಟೋ ವರ್ಷದಿಂದ ಆ ಕೆಲಸ ಅವಳದೇ.

ಆರ್ಡೆಲ್ ಅವಳ ತಾಯಿ.

ತಾಯಿ ಹುಟ್ಟಾ ಆನೆ ಪಕ್ಷ. ಮಗಳು ಕಾಲೇಜಿಗೆ ಹೋಗಿ ಬಂದದ್ದೇ ಕತ್ತೆ ಪಕ್ಷ ಸೇರಿದಳು. ಊಟಕ್ಕೆ ಕೂತರೆ ಜಗಳ, ಹಬ್ಬಕ್ಕೆ ಸೇರಿದರೆ ಜಗಳ. ಕೊನೆಗೆ ಮುದುಕಿ ಹಾಸಿಗೆ ಹಿಡಿದ ಮೇಲೂ ಬಾಯಿ ಮಾತ್ರ ಹಿಡಿಯಲಿಲ್ಲ. ವೋಟಿನ ಕಾಗದವನ್ನು ಆಸ್ಪತ್ರೆಗೇ ತರಿಸಿಕೊಂಡಳು. ದಿಂಬಿಗೆ ಒರಗಿ, ನಡುಗುವ ಕೈಯಲ್ಲಿ ಗುರುತು ಹಾಕಿದಳು. ಸಾಕ್ಷಿಯ ಸಹಿ ಮಗಳದು.

"ಏಯ್ ಕತ್ತೆ," ಎಂದಿದ್ದಳು ಲಕೋಟೆ ಅಂಟಿಸುತ್ತ. "ಅಷ್ಟರೊಳಗೆ ನಾನು ಹೊರಟುಹೋದ್ರೂ ಇದು ಲೆಕ್ಕಕ್ಕೆ ಬರುತ್ತೆ ತಾನೆ?"

ಬರುವುದಿಲ್ಲ. ಚುನಾವಣೆಯ ದಿನಕ್ಕೆ ಮುಂಚೆ ಸತ್ತವರ ವೋಟು ಅಲ್ಲಿ ವೋಟೇ ಅಲ್ಲ. ಅದು ಮಾರ್ಲಿಸ್‌ಗೆ ಚೆನ್ನಾಗಿ ಗೊತ್ತಿತ್ತು.

"ಬರುತ್ತಮ್ಮ."

"ಆಣೆ ಮಾಡು."

"ಆಣೆ."

"ಹಾಗಾದ್ರೆ ನಿನ್ನ ವೋಟಿಗೆ ಮಣ್ಣು ಹಾಕಿಯೇ ಸಾಯ್ತೀನಿ," ಎಂದು ಮುದುಕಿ ಕೆಮ್ಮು ಬರುವಷ್ಟು ನಕ್ಕಿದ್ದಳು. ಮಾರ್ಲಿಸ್ ತಾಯಿಯ ನಗು ಕೇಳಿದ್ದು ಅದೇ ಕೊನೆ.

ಸರ್ಕಾರದ ಪಟ್ಟಿಯಲ್ಲಿ ಆರ್ಡೆಲ್ ಇನ್ನೂ ಬದುಕಿದ್ದಳು. ಹಾಲಿನಲ್ಲಿದ್ದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಅವಳ ತಿಥಿಯೂಟದ ಹ್ಯಾಮ್ ಸ್ಯಾಂಡ್‌ವಿಚ್ ತಿಂದು ಬಂದವರೇ. ಆದರೂ ಒಬ್ಬರೂ ಬಾಯಿ ಬಿಡುವ ಹಾಗೆ ಕಾಣಲಿಲ್ಲ.

ಡೆಲ್ಬರ್ಟ್ ಲಕೋಟೆ ಎತ್ತಿದ, ಹೆಸರು ನೋಡಿದ, ಮೆಲ್ಲಗೆ ಅವಳ ಮುಂದಿಟ್ಟ. "ಕೂಗಿಬಿಡು."

"ಡೆಲ್ಬರ್ಟ್, ಅಮ್ಮ..."

"ನನಗೇನೂ ಗೊತ್ತಿಲ್ಲಪ್ಪ. ಮುದುಕ, ಕಿವಿ ಮಂದ."

"ಅಮ್ಮನ ಪೆಟ್ಟಿಗೆಗೆ ಹೆಗಲು ಕೊಟ್ಟೋರೇ ನೀವು."

"ಕೊಟ್ಟೆ. ಅದಕ್ಕೇ ಹೇಳ್ತಿರೋದು. ಜೀವಮಾನದಲ್ಲಿ ಒಂದು ವೋಟು ತಪ್ಪಿಸಿದೋಳಲ್ಲ ಅವಳು. ಇದೊಂದರಿಂದ ನಿಮ್ಮ ಕತ್ತೆ ಕಾಲೇನೂ ಮುರಿಯಲ್ಲ, ಕೂಗು."

ಕೂಗಿ ಸುಮ್ಮನಾದರೆ ಆಯಿತು, ಅಮ್ಮನಿಗೆ ಕೊಟ್ಟ ಮಾತು ಉಳಿಯುತ್ತದೆ. ಮಾರ್ಲಿಸ್‌ಗೂ ಬೇಕಾದದ್ದು ಅದೇ. ಅಮ್ಮ ಯಾರಿಗೆ ಬೇಕಾದರೂ ಹಾಕಿರಲಿ, ಆ ನಡುಗುವ ಕೈಯ ವೋಟು ಸೇರಲಿ ಎಂದೇ ಅವಳ ಆಸೆ. ಆದರೆ ಹೋದ ಚುನಾವಣೆಯಲ್ಲಿ ಇದೇ ಮೇಜಿನ ಮುಂದೆ ಒಬ್ಬ ಹೆಂಗಸು ಗಂಡನ ವೋಟಿಗಾಗಿ ಗೋಗರೆದಿದ್ದಳು. ಅವನೂ ವೋಟು ಕಳಿಸಿ, ದಿನ ಬರುವ ಮೊದಲೇ ಸತ್ತಿದ್ದ. "ರೂಲ್ಸು ಎಲ್ಲರಿಗೂ ಒಂದೇ ಕಣಮ್ಮ," ಎಂದು ಅವಳನ್ನು ಸಾಗಹಾಕಿದವಳು ಇದೇ ಮಾರ್ಲಿಸ್. ಆ ಹೆಂಗಸು ಈಗ ಬಾಗಿಲ ಬಳಿ ಸಾಲಿನಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು.

"ಆರ್ಡೆಲ್ ಟ್ವೈಟನ್," ಎಂದು ಮಾರ್ಲಿಸ್ ಕೂಗಿದಳು. "ತೀರಿಕೊಂಡಿದ್ದಾರೆ. ಸೇರಿಸೋ ಹಾಗಿಲ್ಲ."

ಮೇಲ್ವಿಚಾರಕ ಬಂದು ಲಕೋಟೆಯ ಮೇಲೆ 'ತಿರಸ್ಕೃತ' ಎಂದು ಬರೆದು, ಒಡೆಯದೆ, ಕೆಟ್ಟ ವೋಟುಗಳ ಚೀಲಕ್ಕೆ ಹಾಕಿದ.

"ಸತ್ತ ಮೇಲೂ ಅವಳಿಗೆ ಎದುರಾಡಿದೆಯಲ್ಲೇ," ಎಂದ ಡೆಲ್ಬರ್ಟ್. ಅವನು ಸಿಟ್ಟು ಮಾಡಿದ್ದರೆ ಮಾರ್ಲಿಸ್ ತಡೆದುಕೊಳ್ಳುತ್ತಿದ್ದಳು. ಆದರೆ ಅವನು ಕಣ್ಣೊರೆಸಿಕೊಳ್ಳುತ್ತ ಹೇಳಿದ.

ಮಾರ್ಲಿಸ್ ಕಾಫಿಗೆ ಎದ್ದಳು. ಕತ್ತೆ ಪಕ್ಷದ ಪರವಾಗಿ ಕಾವಲು ಕೂತಿದ್ದ ರೋಕ್ಸ್ಯಾನ್ ಹಿಂದೆಯೇ ಬಂದು ಅವಳ ತೋಳು ಅದುಮಿದಳು.

"ಭೇಷ್ ಕಣೆ! ಅವರದ್ದು ಒಂದು ಕಮ್ಮಿ ಆಯ್ತು."

ಮಾರ್ಲಿಸ್ ಅವಳ ಮುಖ ನೋಡಿದಳು. ಅದರಲ್ಲಿ ಕುಹಕವಿರಲಿಲ್ಲ, ನಿಜವಾದ ಖುಷಿ ಇತ್ತು. ಪಕ್ಷಕ್ಕಾಗಿ ಮಾಡಿದಳೆಂದೇ ಊರು ನಾಳೆ ಹೇಳುತ್ತದೆ, ಹೊಗಳುವವರೂ ಬೈಯುವವರೂ.

"ಅದು ನಮ್ಮಮ್ಮಂದು," ಎಂದಳು.

"ಗೊತ್ತು ಮಾರಾಯ್ತಿ. ಅದಕ್ಕೇ ಭೇಷ್ ಅಂದಿದ್ದು."

ಕಾಫಿ ಅಲ್ಲೇ ಬಿಟ್ಟು ಮೇಜಿಗೆ ಬಂದು ಮುಂದಿನ ಲಕೋಟೆ ಹಿಡಿದಳು. ಹೆಸರು ಕೂಗಲು ಬಾಯಿ ತೆರೆದಳು. ಹೂಳುವಾಗಲೂ ಅಳದವಳಿಗೆ ಈಗ ಅಳು ಒತ್ತರಿಸಿ ಬಂತು. ಡೆಲ್ಬರ್ಟ್ ಅವಳ ಕಡೆ ನೋಡದೆ ಲಕೋಟೆಯನ್ನು ಕೈಯಿಂದ ತೆಗೆದುಕೊಂಡು ಆ ಹೆಸರನ್ನು ತಾನೇ ಕೂಗಿದ.