ದಾನ್‌ಬಿಯ ಹೆಸರಿನ ಮೂರನೇ ವರದಿ

ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಚಂಗ್ಜು ಊರಿನ ನಮ್ಮ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ನರ್ಸಾಗಿ ದುಡಿದರೂ ನನ್ನ ಹೆಸರಿನಲ್ಲಿ ಒಂದೇ ಒಂದು ತಪ್ಪಿನ ವರದಿ ಇರಲಿಲ್ಲ. ಗುರುವಾರ ಮುಖ್ಯ ನರ್ಸ್ ಹುದ್ದೆಗೆ ಸಂದರ್ಶನ. ಆ ಹೆಮ್ಮೆಯೊಂದೇ ನನ್ನ ಬಂಡವಾಳ.

ಮಂಗಳವಾರ ಬೆಳಿಗ್ಗೆ ನಮ್ಮ ವಾರ್ಡಿನ ರೋಗಿ ಪ್ಯೋ ತಾತನಿಗೆ ಕೊಡಬೇಕಿದ್ದ ಇನ್ಸುಲಿನ್ ತುಂಬಿಸಿ ಸಿರಿಂಜನ್ನು ಕಿರಿಯ ನರ್ಸ್ ದಾನ್‌ಬಿಯ ಮುಂದೆ ಹಿಡಿದೆ. ಇನ್ನೊಬ್ಬ ನರ್ಸ್ ನೋಡಿ 'ಸರಿ' ಅನ್ನಬೇಕೆಂಬುದು ನಿಯಮ. ಹಿರಿಯರು ಹಿಡಿದದ್ದಕ್ಕೆ ಕಿರಿಯರು ನೋಡದೆಯೇ 'ಸರಿ' ಅನ್ನುವುದು ವಾಡಿಕೆ. ಸೇರಿ ಎರಡು ವರ್ಷವಾಗಿದ್ದ ದಾನ್‌ಬಿ ನೋಡುತ್ತಲೇ ನಿಂತಳು.

"ಏನಮ್ಮಾ, ಮುಹೂರ್ತ ನೋಡ್ತಿದೀಯಾ? ಇನ್ನೂ ಹನ್ನೊಂದು ಜನ ಕಾಯ್ತಿದಾರೆ."

"ಅಕ್ಕ, ಡಾಕ್ಟರ್ ಬರೆದಿರೋದು ಆರು ಯೂನಿಟ್. ಇದ್ರಲ್ಲಿ ಹದಿನಾರಿದೆ."

ಹದಿನಾರೇ ಇತ್ತು. ಚುಚ್ಚಿದ್ದರೆ ತಾತನ ಜೀವಕ್ಕೇ ಅಪಾಯವಿತ್ತು. "ಬೇಗ ಚುಚ್ಚಮ್ಮ, ಗಂಜಿ ಆರ್ತದೆ" ಎಂದು ತಾತ ಗೊಣಗಿದರು. ಹೊಸದಾಗಿ ತುಂಬಿಸಿ, ಇಬ್ಬರೂ ನೋಡಿ ಚುಚ್ಚಿದೆವು.

ಹೀಗೆ ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆದುಕೊಡಬೇಕು. 'ದೂರಲು ಅಲ್ಲ, ಕಲಿಯಲು' ಎಂದು ಗೋಡೆಯ ಮೇಲೇನೋ ಹಾಕಿದ್ದಾರೆ. ನಂಬುವವರು ಯಾರು? ಮರುದಿನದ ಸಭೆಯಲ್ಲಿ ಹೆಸರು ಹಿಡಿದೇ ಓದುತ್ತಾರೆ. ಗುರುವಾರ ಕಳೆಯಲಿ ಎಂದು ನಾನು ಸುಮ್ಮನಾದೆ.

ಮಧ್ಯಾಹ್ನ ಔಷಧಿ ಕೋಣೆಗೆ ಹೋದರೆ ದಾನ್‌ಬಿ ವರದಿಯ ನಮೂನೆ ತುಂಬುತ್ತಿದ್ದಳು. ಬೆನ್ನ ಹಿಂದೆ ನಿಂತು ಓದಿದೆ. 'ತಪ್ಪು ಮಾಡಿದವರು: ಮೊಕ್ ದಾನ್‌ಬಿ.'

"ತಲೆ ಕೆಟ್ಟಿದೆಯಾ ನಿಂಗೆ? ತುಂಬಿದ್ದು ನಾನು."

"ಗೊತ್ತಕ್ಕ. ಇಂಥದ್ದೆಲ್ಲ ಚಿಕ್ಕೋರ ಹೆಸರಲ್ಲೇ ತಾನೇ ಹೋಗೋದು? ನಿಮಗೆ ಇಂಟರ್‌ವ್ಯೂ ಬೇರೆ ಇದೆ."

"ನಿನ್ನ ಹೆಸರಲ್ಲಿ ಆಗ್ಲೇ ಎರಡಿದೆ ಕಣೇ. ಮೂರಾದ್ರೆ ವಾರ್ಡ್ ಬಿಡಿಸ್ತಾರೆ. ಆ ಎರಡಕ್ಕೇ ನನ್ನ ಹತ್ರ ಎಷ್ಟು ಬೈಸ್ಕೊಂಡೆ, ಮರೆತ್ಯಾ?"

ದಾನ್‌ಬಿ ಪೆನ್ನಿನ ಮುಚ್ಚಳ ಹಾಕಿದಳು.

"ಅವೂ ನಿಮ್ಮವೇ ಅಕ್ಕ. ಮೇ ತಿಂಗಳಲ್ಲಿ ಡ್ರಿಪ್ ಜೋರಾಗಿ ಬಿಟ್ಟಿದ್ರಿ. ಆಮೇಲೆ ಕಿಟಕಿ ಹತ್ರದ ಅಜ್ಜಿಗೆ ಬೇರೆಯವರ ಮಾತ್ರೆ ಇಟ್ಟಿದ್ರಿ. ನಾನು ನೋಡಿ ಸರಿಮಾಡ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಅವಳ ಮೇಲೇ ಹರಿಹಾಯುತ್ತಿದ್ದೆ. ಹದಿನಾಲ್ಕು ವರ್ಷದ ನನ್ನ ಹೆಮ್ಮೆ ಯಾರ್ಯಾರ ಹೆಸರಿನ ಮೇಲೆ ನಿಂತಿತ್ತೋ!

ಅವಳ ಕೈಯಲ್ಲಿದ್ದ ಹಾಳೆ ಕಸಿದು ಹರಿದೆ. ಕಪಾಟಿನಿಂದ ಮೂರು ಖಾಲಿ ನಮೂನೆ ತೆಗೆದು, ಮೂರರಲ್ಲೂ ನನ್ನ ಹೆಸರು ಬರೆದೆ.

"ಮೇ ತಿಂಗಳದ್ದು ಯಾವ ತಾರೀಖು, ಹೇಳು," ಎಂದೆ.