ಕೊಸರು ಸುತ್ತು

ತಾನೇ ಗೆಲ್ಲುತ್ತೇನೆ ಎನ್ನುವುದರಲ್ಲಿ ಪೆದ್ದಹರಿವಾಣಂ ಊರಿನ ಉಚ್ಚೀರಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಪಡುವವರು ಊರ ತುಂಬ ಇದ್ದರು, ಅದು ಬೇರೆ ಮಾತು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು, ಹತ್ತು ಮೈಲಿ ತುಳಿದು ಆದೋನಿಗೆ ಬರುವವನು ಅವನು. ಎದುರುಗಾಳಿ ಇದ್ದಾಗಲೂ ಬಂದ, ಎರೆಮಣ್ಣಿನ ಕೆಸರಿದ್ದಾಗಲೂ ಬಂದ, ಮದುವೆಯಾದ ಮರುದಿನವೂ ಬಂದ. ಅಂಥವನಿಗೆ ಕ್ಯಾನಿಲ್ಲದ ಖಾಲಿ ಸೈಕಲ್ಲು ಕೊಟ್ಟು, ಹತ್ತಿ ಮಾರ್ಕೆಟ್ಟಿನ ಸುತ್ತ ಇಪ್ಪತ್ತು ಸುತ್ತು ಹೊಡಿ ಅಂದರೆ ಅದನ್ನು ಪಂದ್ಯ ಎನ್ನುತ್ತಾರೆಯೇ? ಅವನ ಪಾಲಿಗೆ ಅದು ರಜಾ.

ಆದರೆ ೧೯೭೮ರ ಆ ಸಂಕ್ರಾಂತಿಗೆ ಅವನು ಬರೀ ಹಿತ್ತಾಳೆ ಕಪ್ಪಿನ ಆಸೆಗೆ ಬಂದಿರಲಿಲ್ಲ.

ಹಿಂದಿನ ವರ್ಷವೂ ಅವನೇ ಮೊದಲು ಗೆರೆ ದಾಟಿದ್ದ. ಮುಂದೆ ಹೋದವರು, ಹಿಂದೆ ಬಿದ್ದವರು ಎಲ್ಲ ಅದೇ ಬೀದಿಗಳಲ್ಲಿ ಸುತ್ತುತ್ತಿದ್ದರೆ ಎಣಿಸುವವರ ತಲೆ ಕೆಡದೆ ಇರುತ್ತದೆಯೇ? ಎಣಿಸಲು ಕೂತ ನಾಲ್ವರ ಚೀಟಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಪಂದ್ಯದ ಕಮಿಟಿಯ ಸೆಕ್ರೆಟರಿ ಗುರುಪಾದಯ್ಯ ಗಂಟಲು ಸರಿಮಾಡಿಕೊಂಡು ಮೈಕಿನಲ್ಲಿ ಹೇಳಿಯೇಬಿಟ್ಟ, "ಉಚ್ಚೀರಪ್ಪ ಹೊಡೆದದ್ದು ಹತ್ತೊಂಬತ್ತ ಸುತ್ತು." ಕಪ್ಪು ಬೇರೆಯವರಿಗೆ ಹೋಯಿತು. ಉಚ್ಚೀರಪ್ಪ ಎರಡು ದಿನ ಸಿಟ್ಟು ಮಾಡಿಕೊಂಡು ಆಮೇಲೆ ಅದನ್ನು ಮರೆತ. ಮರೆಯಲು ಬಿಡದೆ ಇದ್ದದ್ದು ಜನ. ಸುತ್ತು ಕದ್ದವನು ಹಾಲು ಕದಿಯದೆ ಇರುತ್ತಾನೆಯೇ?

ಕೋಟೆ ಕಡೆಯ ಬೀದಿಯ ಅನ್ನಪೂರ್ಣಾಬಾಯಿ ಹತ್ತು ವರ್ಷ ಬಾಗಿಲಲ್ಲಿ ಪಾತ್ರೆ ಇಟ್ಟು ಒಳಗೆ ದೇವರ ಪೂಜೆಗೆ ಹೋಗಿಬಿಡುತ್ತಿದ್ದ ಹೆಂಗಸು. ಈಗ ಹೊಸ್ತಿಲ ಮೇಲೆ ನಿಂತು, ಹಾಲು ಅಳತೆಯ ಕಂಠದವರೆಗೆ ಬಂತೋ ಇಲ್ಲವೋ ಎಂದು ನೋಡತೊಡಗಿದರು. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಊರಿನಲ್ಲಂತೂ ಬೋರಿಂಗಿನ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಅವನ ಹೆಂಡತಿ ಹುಲುಗಮ್ಮನ ಕಿವಿಗೆ ಬೀಳುವಂತೆಯೇ ಮಾತಾಡುತ್ತಿದ್ದರು.

"ಈ ಸಲ ಗೆದ್ದು ಬಾ," ಎಂದಿದ್ದಳು ಹುಲುಗಮ್ಮ. "ಇಲ್ಲಂದ್ರ ನಾ ಬೋರಿಂಗಿಗೆ ಹೋಗಂಗಿಲ್ಲ. ನೀರು ನೀನ ಹೊತ್ಕೊಂಡು ಬಾ."

"ಹಾಲೂ ನಾನ, ನೀರೂ ನಾನ ಹೊತ್ರ ಮಂದಿ ಮತ್ತೊಂದು ಅಂತಾರ."

ಹುಲುಗಮ್ಮನಿಗೆ ನಗು ಬಂದರೂ ನಗಲಿಲ್ಲ. ಆಕೆಗೆ ಅಷ್ಟು ನೋವಾಗಿತ್ತು.

ಈ ಸಲ ಕಮಿಟಿಯವರು ಚೀಟಿಯ ಸಹವಾಸವೇ ಬೇಡವೆಂದು ಎಣಿಕೆಗೆ ಬಜಾರಪ್ಪನನ್ನು ಕೂರಿಸಿದ್ದರು. ಬಜಾರಪ್ಪ ನಲವತ್ತು ವರ್ಷ ಕಾಳಿನ ಅಂಗಡಿಗಳಲ್ಲಿ ಜೋಳ ಅಳೆದ ಮುದುಕ. ಅವನು ಅಳೆದ ರಾಶಿಯನ್ನು ಇನ್ನೊಬ್ಬ ತಿರುಗಿ ಅಳೆದದ್ದಿಲ್ಲ. ಮುಂದಿದ್ದವನು ಗೆರೆ ದಾಟಿದಾಗಲೆಲ್ಲ ಕೂಗಿ ಎಣಿಸಬೇಕು, ಕೊನೆಯ ಸುತ್ತು ಶುರುವಾಗುವಾಗ ಗಂಟೆ ಹೊಡೆಯಬೇಕು, ಮುಗಿದಾಗ ಕೆಂಪು ಬಾವುಟ ಇಳಿಸಬೇಕು. ಇಷ್ಟೇ ಅವನ ಕೆಲಸ.

ಹದಿನಾಲ್ಕು ಜನ ಗೆರೆಯ ಮೇಲೆ ನಿಂತರು. ಹತ್ತಿ ಮೂಟೆ ಹೊರುವ ಎರ್ರಿಸ್ವಾಮಿ ಅಲ್ಲೇ ಗಾಡಿಯ ಮೇಲೆ ಕೂತಿದ್ದ. ವರ್ಷವಿಡೀ ಉಚ್ಚೀರಪ್ಪನನ್ನು ಆಡಿಕೊಂಡು ನಕ್ಕವರಲ್ಲಿ ಇವನದೇ ದೊಡ್ಡ ಬಾಯಿ.

"ಏಮಯ್ಯಾ ಉಚ್ಚೀರಪ್ಪಾ, ಈ ಸಲ ಎಷ್ಟು ಸುತ್ತು ಹೊಡೀತಿ? ಹದಿನೆಂಟಾ?"

"ಬಾವುಟ ಬೀಳೋತನಕ ಹೊಡೀತೀನಿ. ಐವತ್ತಾದ್ರೂ ಇಳಿಯಂಗಿಲ್ಲ, ನೀ ಅಲ್ಲೇ ಕುಂತು ನೋಡು."

ಸೀಟಿ ಊದಿದರು. ಮೊದಲ ಸುತ್ತು ಮುಗಿಸಿ ಉಚ್ಚೀರಪ್ಪನೇ ಮುಂದೆ ಬಂದ. ಬಜಾರಪ್ಪ ಕೈಯೆತ್ತಿ "ಲಾಭಾ!" ಎಂದು ಕೂಗಿದ. ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ಕಿತು. ಕಾಳು ಅಳೆಯುವವರು ಒಂದು ಅನ್ನುವುದಿಲ್ಲ, ಮೊದಲನೆಯದು ಯಾವಾಗಲೂ ಲಾಭ. ಎರಡನೆಯ ಸುತ್ತಿಗೆ "ಎರಡಾ!" ಎಂದ, ಮೂರಕ್ಕೆ "ಮೂರಾ!" ಎಂದ. ಎಣಿಕೆ ನೆಟ್ಟಗೆ ನಡೆಯಿತು. ಆದರೂ ಉಚ್ಚೀರಪ್ಪ ತನ್ನಷ್ಟಕ್ಕೆ ತಾನೂ ಎಣಿಸುತ್ತಲೇ ಇದ್ದ. ಒಮ್ಮೆ ಸುಟ್ಟುಕೊಂಡವನು.

ಆ ಬೀದಿಗಳು ಅವನಿಗೆ ಅಂಗೈಯಷ್ಟು ಗೊತ್ತು. ಜಿನ್ನಿಂಗ್ ಮಿಲ್ಲಿನ ತಿರುವಿನಲ್ಲಿ ಹತ್ತಿಯ ನವಿರು ಬಿದ್ದು ಚಕ್ರ ಜಾರುತ್ತದೆ, ಅಲ್ಲಿ ಬ್ರೇಕು ಮುಟ್ಟಬಾರದು. ಟಾಂಗಾ ಸ್ಟ್ಯಾಂಡಿನಲ್ಲಿ ಕುದುರೆ ಲದ್ದಿ, ಅಲ್ಲಿ ಬಲಕ್ಕೆ ಸರಿಯಬೇಕು. ಕಾಯಿಪಲ್ಲೆ ಬಜಾರಿನ ಏರಿನಲ್ಲಿ ಉಳಿದವರು ಸೀಟಿನಿಂದ ಎದ್ದು ತುಳಿದರೆ ಅವನು ಕೂತೇ ತುಳಿಯುತ್ತಿದ್ದ. ದಿನಾ ನಲವತ್ತು ಸೇರು ಹಾಲು ಎಳೆಯುವ ಕಾಲು ಅದು. ಹತ್ತನೆಯ ಸುತ್ತಿನ ಹೊತ್ತಿಗೆ ಅರ್ಧ ಜನ ಕೈಬಿಟ್ಟಿದ್ದರು. ಹದಿನೈದಕ್ಕೆ ಉಚ್ಚೀರಪ್ಪನ ಬೆನ್ನಿಗೆ ಉಳಿದವನು ಒಬ್ಬನೇ, ಅಂಚೆ ಕಚೇರಿಯ ಸೇತುಮಾಧವ.

ಸೇತುಮಾಧವನಿಗೆ ಇಪ್ಪತ್ಮೂರು ವಯಸ್ಸು. ಹಣೆಗಿಟ್ಟ ಅಂಗಾರದ ಕರಿ ಗೆರೆ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ತೆಳ್ಳನೆಯ ಹುಡುಗ, ನಾಲ್ಕು ಸುತ್ತಿನಲ್ಲಿ ಕೈಬಿಡುತ್ತಾನೆ ಎಂದುಕೊಂಡಿದ್ದ ಉಚ್ಚೀರಪ್ಪ. ಬಿಡಲಿಲ್ಲ. ಹದಿನೆಂಟರಲ್ಲಿ ಏರು ಹತ್ತುವಾಗ ಜೋರಾಗಿ ತುಳಿದು ಅವನನ್ನು ಬೆನ್ನಿನಿಂದ ಉದುರಿಸಲು ನೋಡಿದ. ಉದುರಲಿಲ್ಲ. ಉಚ್ಚೀರಪ್ಪನಿಗೆ ಖುಷಿಯೇ ಆಯಿತು. ಸೋಲಿಸುವುದಾದರೆ ಇಂಥವನನ್ನು ಸೋಲಿಸಬೇಕು.

"ಹತ್ತೊಂಬತ್ತಾ!" ಎಂದ ಬಜಾರಪ್ಪ. ಗಂಟೆ ಹೊಡೆಯಲಿಲ್ಲ.

ಮುದುಕ ಮರೆತಿರಬೇಕು ಎಂದುಕೊಂಡರು ಇಬ್ಬರೂ. ಇಬ್ಬರ ಎಣಿಕೆಯೂ ಸರಿಯಿತ್ತು, ಉಳಿದದ್ದು ಒಂದೇ ಸುತ್ತು. ಇಬ್ಬರೂ ಜೀವ ಒತ್ತೆಯಿಟ್ಟು ತುಳಿದರು. ಮಿಲ್ಲಿನ ತಿರುವಿನಲ್ಲಿ ಉಚ್ಚೀರಪ್ಪ ಮುಂದೆ, ಏರಿನ ಮೇಲೂ ಅವನೇ ಮುಂದೆ. ಕಡೆಯ ನೂರು ಗಜ ನೇರ ಬೀದಿ. ಅಲ್ಲಿ ಸೇತುಮಾಧವ ಎಲ್ಲಿ ಅಡಗಿಸಿಟ್ಟಿದ್ದನೋ ಆ ಶಕ್ತಿಯನ್ನು, ಪಕ್ಕಕ್ಕೆ ಬಂದ, ಜೋಡಿಯಾದ, ಅರ್ಧ ಚಕ್ರದಷ್ಟು ಮುಂದಾಗಿ ಗೆರೆ ದಾಟಿ ಎರಡೂ ಕೈ ಬಿಟ್ಟು ಮೇಲೆತ್ತಿದ.

"ಇಪ್ಪತ್ತಾ!" ಎಂದ ಬಜಾರಪ್ಪ. ಬಾವುಟ ಇಳಿಸಲಿಲ್ಲ. ಗಂಟೆ ತೆಗೆದು ಢಣಢಣ ಬಾರಿಸಿ, "ಕೊಸರಾ!" ಎಂದು ಕೂಗಿದ.

ಸೇತುಮಾಧವ ಆಗಲೇ ಇಳಿದು ಸೈಕಲ್ಲಿನ ಮೇಲೆ ತಲೆಯಿಟ್ಟು ಏದುತ್ತಿದ್ದ. ಉಚ್ಚೀರಪ್ಪ ಇಳಿಯಲಿಲ್ಲ. ಬಾವುಟ ಬಿದ್ದಿರಲಿಲ್ಲ, ಅವನಿಗೆ ಅಷ್ಟೇ ಕಂಡದ್ದು. ಮತ್ತೆ ತುಳಿದ.

ಮಿಲ್ಲಿನ ತಿರುವು ದಾಟಿದ ಮೇಲೆ ಅವನಿಗೆ ಬುದ್ಧಿ ಬಂತು. ಬಜಾರಪ್ಪ ಮರೆತದ್ದೇನೂ ಅಲ್ಲ. ರಾಶಿ ಅಳೆದು ಮುಗಿದ ಮೇಲೆ ಲೆಕ್ಕಕ್ಕಿಲ್ಲದ ಒಂದು ಹಿಡಿ ಕೊಸರು ಹಾಕದೆ ಆ ಮುದುಕ ಒಂದು ದಿನವೂ ಎದ್ದವನಲ್ಲ. ಬರೀ ಇಪ್ಪತ್ತಕ್ಕೆ ನಿಲ್ಲಿಸುವುದು ಅವನ ಲೆಕ್ಕದಲ್ಲಿ ಗಿರಾಕಿಗೆ ಬಗೆಯುವ ಮೋಸ. ಕೊಸರೇ ಕೊನೆ ಎಂದುಕೊಂಡು ಅದಕ್ಕೆ ಗಂಟೆ ಹೊಡೆದಿದ್ದಾನೆ. ಬೀದಿಯ ಎರಡೂ ಕಡೆ ಜನ "ಉಚ್ಚೀರಪ್ಪಾ! ಉಚ್ಚೀರಪ್ಪಾ!" ಎಂದು ಕುಣಿಯುತ್ತಿದ್ದರು. ಅವರಲ್ಲಿ ಎಣಿಸಿದವರು ಯಾರು? ಗಂಟೆ ಕೇಳಿದವರೇ ಎಲ್ಲ. ಸುಮ್ಮನೆ ಗೆರೆ ದಾಟಿದರೆ ಸಾಕು, ಬಾವುಟ ಬೀಳುತ್ತದೆ, ಕಪ್ಪು ಬರುತ್ತದೆ, ಹುಲುಗಮ್ಮ ತಲೆಯೆತ್ತಿ ನಡೆಯುತ್ತಾಳೆ. ಏರಿನ ಮೇಲೆ ಅವನಿಗೆ ಆಸೆಯಾಯಿತು. ಬಹಳ ಆಸೆಯಾಯಿತು. ಇಳಿಜಾರಿಗೆ ಬರುವಷ್ಟರಲ್ಲಿ ಅದರ ಮೇಲೆ ಸಿಟ್ಟೂ ಬಂತು. ಮಾಡದ ಕಳ್ಳತನಕ್ಕೆ ಒಂದು ವರ್ಷ ಅನ್ನಿಸಿಕೊಂಡದ್ದು ಸಾಲದೆ, ಈಗ ಅದನ್ನು ನಿಜ ಮಾಡಬೇಕೇ?

ಗೆರೆ ದಾಟಿದ. ಬಾವುಟ ಬಿತ್ತು. ಗುರುಪಾದಯ್ಯ ಮೈಕಿನಲ್ಲಿ ಅವನ ಹೆಸರು ಕೂಗಿ ಹಾರ ಹಿಡಿದು ಬಂದ. ಸೇತುಮಾಧವನೂ ಕೈಮುಗಿದುಕೊಂಡು ಬಂದ.

"ನೀವ ಗೆದ್ರಿ ಬಿಡ್ರಿ. ಬಾವುಟ ನೋಡದ ಇಳದದ್ದು ನಂದ ತಪ್ಪು."

ಉಚ್ಚೀರಪ್ಪ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡ. "ತಪ್ಪು ನಿಮ್ದಲ್ಲ ಸ್ವಾಮೇರ. ಸುತ್ತು ಇಪ್ಪತ್ತು. ಇಪ್ಪತ್ತಕ್ಕ ಮುಂದಿದ್ದವ್ರು ನೀವು, ಅರ್ಧ ಗಾಲಿ. ನಾನ ಪಕ್ಕದಾಗ ಇದ್ದೆ, ನನಗಿಂತ ಚಂದ ಯಾರು ನೋಡ್ಯಾರ?" ಎಂದು ಹಾರವನ್ನು ಆ ಹುಡುಗನ ಕೊರಳಿಗೆ ಹಾಕಿಬಿಟ್ಟ.

ಬಜಾರಪ್ಪನ ಮುಖ ಬಿಳುಚಿತು. "ಹಂಗಾರ ನನ್ನ ಅಳತಿ ತಪ್ಪಂತೀಯೇನೋ?"

ಉಚ್ಚೀರಪ್ಪ ಹೋಗಿ ಮುದುಕನ ಕಾಲು ಮುಟ್ಟಿದ. "ನಿನ್ನ ಅಳತಿ ಯಾವತ್ತೂ ತಪ್ಪಂಗಿಲ್ಲಜ್ಜ. ಕಾಳಿಗೆ ಕೊಸರು ಬೇಕು. ಸೈಕಲ್ಲಿಗೆ ಬ್ಯಾಡ, ಕಾಲು ಹೋಗ್ತಾವ."

ಮುದುಕ ಮೊದಲು ಕಣ್ಣು ಪಿಳಿಪಿಳಿ ಮಾಡಿದ, ಆಮೇಲೆ ನಕ್ಕ. ಜನರೂ ನಕ್ಕರು. ನಗು ನಿಲ್ಲುತ್ತಿದ್ದಂತೆ ಗಾಡಿಯ ಮೇಲಿಂದ ಎರ್ರಿಸ್ವಾಮಿ ಎದ್ದು ನಿಂತ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ.

"ಅಯ್ಯಾರ, ಒಂದು ಮಾತು. ಕೈಗೆ ಬಂದ ಕಪ್ಪು ಒಂದು ಸುತ್ತಿಗೋಸ್ಕರ ವಾಪಸ್ ಕೊಟ್ಟಾನಿವ. ಇಂಥವ ಹೋದ ವರ್ಷ ಒಂದು ಸುತ್ತು ಕದ್ದಾನಂದ್ರ ನಾವು ನಂಬಬೇಕೇನ್ರೀ?"

ಎಲ್ಲರೂ ಗುರುಪಾದಯ್ಯನ ಕಡೆ ತಿರುಗಿದರು. ಅವನು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಕಡೆಗೆ ಮೈಕಿನಲ್ಲೇ ಹೇಳಿದ, ಹೇಳಿದ್ದು ಮಾರ್ಕೆಟ್ಟಿನ ಆಚೆಯ ಬೀದಿಗಳಿಗೂ ಕೇಳಿತು. "ಹೋದ ವರ್ಷ ನಾಲ್ಕು ಚೀಟ್ಯಾಗ ಎರಡರಾಗ ಇಪ್ಪತ್ತಂತ ಇತ್ತು. ಉಳಿದ ಎರಡರಾಗ ಒಂದು ಸುತ್ತು ಎಣಿಸೋದು ತಪ್ಪಿದ್ದು ನಮ್ಮವರಿಗೆ. ಒಪ್ಪಿಕೊಳ್ಳಾಕ ನಾಚಿಗಿ ಆತು, ಉಚ್ಚೀರಪ್ಪನ ಮ್ಯಾಲ ಹಾಕಿದ್ವಿ. ಅವ ಇಪ್ಪತ್ತೂ ಹೊಡೆದಿದ್ದ."

ಸೋತಾಗ ಅಳದ ಉಚ್ಚೀರಪ್ಪ ಈಗ ಅಷ್ಟು ಜನರ ನಡುವೆ ಮುಖ ಮುಚ್ಚಿಕೊಂಡು ಅತ್ತ. ಪಂದ್ಯ ನೋಡಲು ಊರಿನಿಂದ ಬಂದಿದ್ದ ಹುಲುಗಮ್ಮ ಜನರನ್ನು ತಳ್ಳಿಕೊಂಡು ಬಂದು ಅವನ ಪಕ್ಕ ನಿಂತಳು. ಅವಳ ಕಣ್ಣೂ ತುಂಬಿತ್ತು, ಬಾಯಿ ಮಾತ್ರ ಜೋರು.

"ಸಾಕು ಬಿಡು, ಮಂದಿ ನೋಡಾಕ್ಹತ್ಯಾರ. ಕಪ್ಪು ಕೊಟ್ಟಿ ಅಂತ ಅಳ್ತಿ ಅಂದ್ಕೊಂಡಾರು."

"ಕಪ್ಪೇನು, ಮುಂದಿನ ವರ್ಷ ತರ್ತೀನಿ," ಎಂದ ಅವನು ಮೂಗು ಒರೆಸಿಕೊಳ್ಳುತ್ತ.

"ತರ್ದ ಏನ್ಮಾಡ್ತಿ? ಏಳು, ಸಂಜಿ ಹಾಲು ಕರಿಯೋ ಹೊತ್ತಾತು," ಎಂದು ಹುಲುಗಮ್ಮ ಸೈಕಲ್ಲನ್ನು ತಾನೇ ಹಿಡಿದುಕೊಂಡು ಜನರ ನಡುವೆ ಮುಂದೆ ನಡೆದಳು. ಜನ ದಾರಿ ಬಿಟ್ಟರು.