ಮೊದಲ ಹಂತದ ಸರ್ಟಿಫಿಕೇಟು

ಗಂಡ ತೀರಿಹೋದ ಮೇಲೆ ಅವನ ಆಫೀಸಿನ ದೊಡ್ಡ ಸಾಹೇಬರು ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಡೇಟಾಬೇಸಿನ ಮೊದಲ ಹಂತದ ಸರ್ಟಿಫಿಕೇಟು ತಂದರೆ ನನ್ನನ್ನು ಅವನ ವಿಭಾಗದಲ್ಲೇ ಕೆಳಗಿನ ಹುದ್ದೆಗೆ ಪರೀಕ್ಷಾರ್ಥ ತೆಗೆದುಕೊಳ್ಳಬಹುದು ಎಂದರು. ಅತ್ತೆ ಕೈಮುಗಿದರು. ನಾನೂ ಮುಗಿದೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಅವನು ವಿಮಾ ಕಂಪನಿಗಳ ಗ್ರಾಹಕರ ದಾಖಲೆ ನೋಡಿಕೊಳ್ಳುವ ಆಫೀಸಿನಲ್ಲಿದ್ದ. ಸತ್ತವರ ಲೆಕ್ಕ ಇಡೋದೇ ನಮ್ಮಿಬ್ಬರ ಕಸುಬು ಎಂದು ತಮಾಷೆ ಮಾಡುತ್ತಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದ. ನಲ್ಲಿ ನಿಲ್ಲಿಸಿದ್ದು ನಾನು.

ಸಾಹೇಬರು ಬರುವ ಮೊದಲೇ ಮನೆಯಲ್ಲಿ ಮಾತಾಗಿತ್ತು. ನನಗೆ ಕೆಲಸ ಸಿಕ್ಕರೆ ಮಗಳು ನನ್ನ ಹತ್ತಿರ ಇರುತ್ತಾಳೆ. ಸಿಗದಿದ್ದರೆ ಶಾಲೆ ಶುರುವಾಗುವ ಮುಂಚೆ ಭಾವ ಮತ್ತು ಓರಗಿತ್ತಿ ಬಂದು ಅವಳನ್ನು ತಮ್ಮ ಊರಿಗೆ ಕರೆದುಕೊಂಡು ಹೋಗಿ ಸಾಕುತ್ತಾರೆ. ಓರಗಿತ್ತಿಗೆ ಇಬ್ಬರೂ ಗಂಡುಮಕ್ಕಳು. ನನ್ನ ಮಗಳು ಹುಟ್ಟಿದ ದಿನವೇ ಅವಳನ್ನು ಎತ್ತಿಕೊಂಡು, ಇದು ನಂಗೇ ಬರಬೇಕಾಗಿತ್ತು ಕಣೇ ಎಂದಿದ್ದರು. ಆಗ ಎಲ್ಲರೂ ನಕ್ಕಿದ್ದೆವು. ತವರಿನಲ್ಲಿ ಅಪ್ಪನೇ ಅಣ್ಣನ ಮನೆಯ ಹಜಾರದಲ್ಲಿ ಮಲಗುತ್ತಿದ್ದರು. ಅಲ್ಲಿಗೆ ಮಗುವನ್ನು ಕಟ್ಟಿಕೊಂಡು ಹೋಗುವ ಹಾಗಿರಲಿಲ್ಲ. ಯಾರೂ ದನಿ ಎತ್ತಲಿಲ್ಲ. ಅತ್ತೆ ಹೇಳಿದರು, ಭಾವ ತಲೆಯಾಡಿಸಿದರು, ನಾನು ಹೂಂ ಎಂದೆ. ಆಗ ಏನು ಕೇಳಿದರೂ ಹೂಂ ಎನ್ನುತ್ತಿದ್ದೆ.

ತರಬೇತಿ ಕೇಂದ್ರ ಟೈರ್ ಅಂಗಡಿಯ ಮಹಡಿಯ ಮೇಲಿತ್ತು. ಕೋಣೆಯಲ್ಲೆಲ್ಲ ರಬ್ಬರಿನ ವಾಸನೆ. ಗೋಡೆಯ ಮೇಲೆ ಕೋಟು ಹಾಕಿಕೊಂಡು ನಗುವ ಯುವಕನ ಚಿತ್ರ, ಅದರ ಕೆಳಗೆ 'ಇಂದು ಸರ್ಟಿಫಿಕೇಟು, ನಾಳೆ ಸೀಟು' ಎಂಬ ಬರಹ. ಕಾಲೇಜು ಮುಗಿಸಿದ ಹುಡುಗರ ನಡುವೆ ನಾನೊಬ್ಬಳೇ ದೊಡ್ಡವಳು. ಮೇಷ್ಟ್ರು ಹಳೆಯ ಪ್ರಶ್ನೆಗಳ ಕಟ್ಟು ಹಂಚಿ ಬಾಯಿಪಾಠ ಮಾಡಿ ಎಂದರು. ನಾನು ಎದ್ದು ನಿಂತು, ಈ ಉತ್ತರ ಯಾಕೆ ಸರಿ ಎಂದು ಕೇಳಿದೆ.

"ಯಾಕೆ ಅಂತ ಪರೀಕ್ಷೇಲಿ ಕೇಳಲ್ಲಮ್ಮ," ಎಂದರು. "ಗುರುತು ಹಾಕಿ ಎದ್ದು ಬನ್ನಿ. ಅರ್ಥ ಎಲ್ಲ ಕೆಲಸ ಸಿಕ್ಕಿದ ಮೇಲೆ."

ಹುಡುಗರು ನಕ್ಕರು. ನಾನು ಕೂತೆ. ಆದರೆ ಮನೆಗೆ ಪುಸ್ತಕ ತಂದು ಓದಿದೆ. ಮಗಳು ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದಳು. ಓದಲು ಕಷ್ಟವಿರಲಿಲ್ಲ. ಒಂದು ಅಧ್ಯಾಯವನ್ನು ಮಾತ್ರ ಬೇಕಾಗಿಲ್ಲದಿದ್ದರೂ ಮತ್ತೆ ಮತ್ತೆ ಓದಿದೆ. ದಾಖಲೆಯಲ್ಲಿ ಏನೇ ಬದಲಾಯಿಸಿದರೂ, ಖಾಯಂ ಮಾಡು ಎಂಬ ಆಜ್ಞೆ ಕೊಡುವ ತನಕ ಅದು ಖಾಯಂ ಅಲ್ಲ. ರೋಲ್‌ಬ್ಯಾಕ್ ಎಂದು ಬರೆದರೆ ಎಲ್ಲವೂ ಮೊದಲಿದ್ದಂತೆ ಆಗುತ್ತದೆ. ಪರೀಕ್ಷೆಯಲ್ಲೂ ಈ ಪ್ರಶ್ನೆ ಬಂತು. ಸರಿಯಾದ ಉತ್ತರಕ್ಕೇ ಗುರುತು ಹಾಕಿದೆ. ತರಗತಿಗೇ ಹೆಚ್ಚು ಅಂಕ ನನಗೆ ಬಂತು. ಕೋಟಿನ ಯುವಕನ ಪಕ್ಕಕ್ಕೆ ಹಾಕಲು ಮೇಷ್ಟ್ರು ನನ್ನದೊಂದು ಫೋಟೋ ಕೇಳಿದರು.

ಅತ್ತೆ ಸರ್ಟಿಫಿಕೇಟನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಇಷ್ಟೇನಾ?" ಎಂದರು.

ಆಫೀಸಿನಲ್ಲಿ ನನಗೆ ಅವನ ಮೇಜನ್ನೇ ಕೊಟ್ಟರು. ಅವನ ಕಂಪ್ಯೂಟರ್, ಹಿಡಿಯ ಹತ್ತಿರ ಬಟ್ಟೆ ಹರಿದ ಅವನ ಕುರ್ಚಿ. ಸತ್ತವನ ಜಾಗದಲ್ಲಿ ಕೂರಲು ಉಳಿದವರಿಗೆ ಮನಸ್ಸಿರಲಿಲ್ಲವಂತೆ. ನನಗೇನೂ ಅನ್ನಿಸಲಿಲ್ಲ. ಕುರ್ಚಿಯನ್ನು ಸ್ವಲ್ಪ ಎತ್ತರಿಸಿಕೊಂಡೆ.

ಕೆಲಸ ಕಲಿಸಬೇಕಾದವರು ಪಕ್ಕದ ಮೇಜಿನವರು. ಎಲ್ಲ ಪಾಸ್‌ವರ್ಡುಗಳೂ ಅವರ ಬಳಿಯೇ ಇದ್ದುದರಿಂದ ಆಫೀಸಿನಲ್ಲಿ ಅವರಿಗೆ ಕೀಲಿಕೈ ಎಂಬ ಅಡ್ಡಹೆಸರು. ಗಂಡನ ಸ್ನೇಹಿತ. ಮನೆಗೆ ಬಂದಾಗ ಅತ್ತಿಗೆ ಎನ್ನುತ್ತಿದ್ದವರು ಇಲ್ಲಿ ಮೇಡಂ ಎಂದರು. ನನ್ನ ಸರ್ಟಿಫಿಕೇಟಿನ ಜೆರಾಕ್ಸನ್ನು ಬೆಳಕಿಗೆ ಹಿಡಿದು ನೋಡಿದರು.

"ಲಗ್ನಪತ್ರಿಕೆ ಚೆನ್ನಾಗಿ ಅಚ್ಚಾಗಿದೆ," ಎಂದರು. "ಸಂಸಾರ ಹೆಂಗ್ ಮಾಡ್ತೀರೋ ನೋಡೋಣ."

ಅಕ್ಕಪಕ್ಕದವರು ನಕ್ಕು, ನನ್ನ ಕಡೆ ನೋಡಿ, ನಗು ನುಂಗಿಕೊಂಡರು. ಕೀಲಿಕೈ ನುಂಗಿಕೊಳ್ಳಲಿಲ್ಲ.

ಕಲಿಸುವುದರಲ್ಲಿ ಅವರು ಜಿಪುಣರು. ಕೇಳಿದ್ದಕ್ಕೆ ಮಾತ್ರ ಉತ್ತರ. ಏನು ಕೇಳಬೇಕೆಂದು ಗೊತ್ತಾಗಲೂ ಅನುಭವ ಬೇಕು, ಅದು ನನಗಿರಲಿಲ್ಲ. ಗ್ರಾಹಕರ ಹೆಸರಿನ ಮುಂದೆ ಅವರ ಸ್ಥಿತಿ ಇರುತ್ತದೆ, ಅದನ್ನು 'ಮೃತ' ಎಂದು ಬದಲಾಯಿಸಿದರೆ ವಾರಸುದಾರರ ಫೋನಿಗೆ ಸಂತಾಪದ ಸಂದೇಶ ತಾನಾಗಿಯೇ ಹೋಗುತ್ತದೆ ಎಂಬುದನ್ನು ಮಾತ್ರ ಅವರಾಗಿ ಹೇಳಿದರು. ಆ ಸಂದೇಶ ನನಗೆ ಗೊತ್ತಿತ್ತು. ಅವನು ಹೋದಾಗ ನನಗೂ ಬಂದಿತ್ತು.

ಮೊದಲ ದಿನ, ಹೊಸಬರೆಲ್ಲ ಮಾಡುವಂತೆ, ನನ್ನ ಹೆಸರನ್ನೇ ಹುಡುಕಿದೆ. ನೌಕರರ ಮನೆಯವರಿಗೆಂದು ಆಫೀಸು ಮಾಡಿಸಿದ್ದ ವಿಮೆಯಲ್ಲಿ ನಾನಿದ್ದೆ. ಸ್ಥಿತಿ: ಜೀವಂತ. ವಾರಸುದಾರರು: ಅತ್ತೆ. ಅವನ ಹೆಸರನ್ನು ಹುಡುಕಲಿಲ್ಲ.

ಪರೀಕ್ಷಾರ್ಥ ಅವಧಿಯ ಕೊನೆಯ ದಿನ ದೊಡ್ಡ ಸಾಹೇಬರು ಕರೆದರು. ಶಾಖೆಯೊಂದರಿಂದ ಆ ತಿಂಗಳು ತೀರಿಕೊಂಡವರ ಹೆಸರುಗಳು ಬಂದಿದ್ದವು. ಅಷ್ಟು ಜನರ ಸ್ಥಿತಿಯನ್ನು ನಾನೊಬ್ಬಳೇ ಬದಲಾಯಿಸಬೇಕು. ಸರಿಯಾದರೆ ಸಂಜೆ ನೇಮಕದ ಆದೇಶ ಕೊಡುತ್ತೇವೆ ಎಂದರು. ಬೆಳಿಗ್ಗೆ ಮಗಳು, ಇವತ್ತು ಪಾಸಾಗ್ತೀಯಾ ಅಮ್ಮ ಎಂದು ಕೇಳಿದ್ದಳು. ಆಗ್ತೀನಿ ಎಂದಿದ್ದೆ.

ಆಜ್ಞೆಯನ್ನು ಎರಡು ಸಾಲಿನಲ್ಲಿ ಬರೆದೆ. ಸ್ಥಿತಿಯನ್ನು 'ಮೃತ' ಎಂದು ಮಾಡು ಎನ್ನುವುದು ಮೊದಲ ಸಾಲು. ಈ ಹೆಸರಿನವರಿಗೆ ಮಾತ್ರ ಎನ್ನುವುದು ಎರಡನೆಯದು. ತಪ್ಪಿಲ್ಲವೆಂದು ಸಾಲಿನ ಮೇಲೆ ಮೌಸ್ ಎಳೆದುಕೊಂಡು ಓದಿ ನೋಡಿದೆ, ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುವ ಹಾಗೆ. ಆಮೇಲೆ ನಡೆಸು ಎಂಬ ಗುಂಡಿ ಒತ್ತಿದೆ. ಮೌಸಿನಿಂದ ಎಷ್ಟು ಗುರುತು ಮಾಡಿರುತ್ತೇವೋ ಅಷ್ಟನ್ನೇ ಆ ತಂತ್ರಾಂಶ ನಡೆಸುತ್ತದೆ. ನನ್ನ ಮೌಸ್ ಮೊದಲ ಸಾಲಿನ ಕೊನೆಯಲ್ಲಿ ನಿಂತಿತ್ತು, ಎರಡನೆಯದು ಹೊರಗುಳಿದಿತ್ತು.

ಎಷ್ಟು ದಾಖಲೆ ಬದಲಾದವೆಂಬ ಸಂಖ್ಯೆ ತೆರೆಯ ಮೇಲೆ ಬಂತು. ಅದು ಒಂದು ಶಾಖೆಯ ಸಾವಲ್ಲ. ಊರಿಗೆ ಊರೇ ಸತ್ತಿತ್ತು.

ನಾನು ಹೆದರಲಿಲ್ಲ. ಅದನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಖಾಯಂ ಮಾಡು ಎಂದು ನಾನಿನ್ನೂ ಹೇಳಿರಲಿಲ್ಲ. ರೋಲ್‌ಬ್ಯಾಕ್ ಎಂದು ಬರೆದೆ. ಆಯಿತು ಎಂದಿತು ಕಂಪ್ಯೂಟರ್. ದಾಖಲೆ ತೆರೆದು ನೋಡಿದೆ. ಮೃತ, ಮೃತ, ಮೃತ. ಮತ್ತೆ ಬರೆದೆ. ಮತ್ತೆ ಆಯಿತು ಎಂದಿತು.

ಅಷ್ಟರಲ್ಲಿ ಫೋನುಗಳು ಶುರುವಾದವು. ಒಂದು ಮೇಜಿನಲ್ಲಿ, ಆಮೇಲೆ ಎಲ್ಲ ಮೇಜುಗಳಲ್ಲಿ. ಬದುಕಿದ್ದವರೇ ಫೋನು ಮಾಡಿ ತಾವು ಸತ್ತಿಲ್ಲವೆಂದರು. ಒಬ್ಬ ಮುದುಕರು, ಸತ್ತಿಲ್ಲವೆಂದು ರುಜುವಾತು ಮಾಡಲು ಏನೇನು ಕಾಗದ ತರಬೇಕು ಎಂದು ವಿನಯದಿಂದ ಕೇಳಿದರಂತೆ. ಫೋನು ಎತ್ತಿಕೊಂಡ ಹುಡುಗಿ ನಗು ತಡೆಯಲಾಗದೆ ಮೇಜಿನ ಮೇಲೆ ತಲೆಯಿಟ್ಟಳು.

ಕೀಲಿಕೈ ಎದ್ದು ಬಂದು ನನ್ನ ಭುಜದ ಮೇಲಿಂದ ಕೈಚಾಚಿ, ಯಾವುದೋ ಮೂಲೆಯಲ್ಲಿದ್ದ ಒಂದು ಪುಟ ತೆರೆದರು. ಅಲ್ಲೊಂದು ಚೌಕ, ಚೌಕದಲ್ಲೊಂದು ಟಿಕ್ಕು. ಪ್ರತಿ ಆಜ್ಞೆಯನ್ನೂ ತಾನಾಗಿಯೇ ಖಾಯಂ ಮಾಡು ಎಂದು ಪಕ್ಕದಲ್ಲಿ ಬರೆದಿತ್ತು.

"ನಿಮ್ಮೆಜಮಾನ್ರು ಹಾಕಿದ್ದು," ಎಂದರು. "ಪ್ರತಿ ಸಲ ಖಾಯಂ ಮಾಡು ಖಾಯಂ ಮಾಡು ಅಂತ ಯಾರು ಬರೀತಾ ಕೂರ್ತಾರೆ ಅನ್ನೋನು. ತೆಗಿ ಅಂತ ನಾನೇ ಎಷ್ಟು ಬಡ್ಕೊಂಡಿದ್ದೆ."

ಮನೆಯಲ್ಲೂ ಅವನು ಹಾಗೇ. ಡಬ್ಬಿಗಳ ಮುಚ್ಚಳ ಹಾಕುತ್ತಿರಲಿಲ್ಲ.

"ನಿಮಗೆ ಗೊತ್ತಿತ್ತಲ್ಲ," ಎಂದೆ.

"ಗೊತ್ತಿತ್ತು ಅತ್ತಿಗೆ." ಆ ದಿನ ಮತ್ತೆ ಅತ್ತಿಗೆಯಾಗಿದ್ದೆ. "ನೀವು ಕೇಳ್ಲಿಲ್ಲ. ಕುರ್ಚಿ ಎತ್ತರ ಎಷ್ಟಿದೆ ಅಂತ ನೋಡ್ಕೊಂಡ್ರಿ, ಇದನ್ನ ನೋಡ್ಕೊಳ್ಲಿಲ್ಲ. ಸರ್ಟಿಫಿಕೇಟು ಬಾಗಿಲ ತನಕ ಕರ್ಕೊಂಡ್ ಬರತ್ತೆ. ಒಳಗೆ ಎಲ್ಲೆಲ್ಲಿ ಗುಂಡಿ ಇದೆ ಅಂತ ಅದಕ್ಕೇನು ಗೊತ್ತು?"

ಬೆಳಿಗ್ಗೆ ತೆಗೆದಿಟ್ಟಿದ್ದ ನಕಲು ಪ್ರತಿಯಿಂದ ದಾಖಲೆಯನ್ನು ಸರಿಪಡಿಸಿದರು. ಸಂಜೆಯೊಳಗೆ ಎಲ್ಲರೂ ಬದುಕಿದರು, ಬೆಳಗಿನ ಪ್ರತಿಯಲ್ಲೇ ಸತ್ತಿದ್ದವರನ್ನು ಬಿಟ್ಟು. ಹೋದ ಸಂದೇಶಗಳನ್ನು ವಾಪಸು ಕರೆಯಲು ಮಾತ್ರ ಆಗಲಿಲ್ಲ.

ದೊಡ್ಡ ಸಾಹೇಬರು ಬೈಯಲಿಲ್ಲ. ನಿಮ್ಮ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ, ನಮ್ಮ ಪರಿಸ್ಥಿತಿ ನೀವೂ ಅರ್ಥ ಮಾಡಿಕೊಳ್ಳಬೇಕು ಎಂದರು. ನಾನು ಹೂಂ ಎಂದೆ. ಬಾಗಿಲ ತನಕ ಹೋದವಳನ್ನು ಮತ್ತೆ ಕರೆದರು.

"ಸರ್ಟಿಫಿಕೇಟಿನ ಜೆರಾಕ್ಸು ಫೈಲಿನಲ್ಲೇ ಇರಲಿಮ್ಮ," ಎಂದರು. "ಹೊಸ ವಿಮಾ ಕಂಪನಿಯವರು ಕೆಲಸ ಕೊಡೋಕೆ ಬಂದಾಗ, ಸರ್ಟಿಫಿಕೇಟು ಇರೋರು ಎಷ್ಟು ಜನ ಇದ್ದೀರಿ ಅಂತ ಕೇಳ್ತಾರೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅತ್ತೆಗೆ ಹೇಗೆ ಹೇಳುವುದೆಂದು ಯೋಚಿಸಿದೆ. ಬೇರೆ ಕಡೆ ಪ್ರಯತ್ನಿಸುತ್ತೇನೆ, ಸರ್ಟಿಫಿಕೇಟು ಇದೆಯಲ್ಲ, ಶಾಲೆ ಶುರುವಾಗಲು ಇನ್ನೂ ದಿನಗಳಿವೆ. ಮಾತುಗಳನ್ನು ಜೋಡಿಸಿಟ್ಟುಕೊಂಡೆ. ಆ ಸತ್ತವರಲ್ಲಿ ನಾನೂ ಇದ್ದೆ, ಅತ್ತೆಯ ಫೋನಿಗೂ ಸಂದೇಶ ಹೋಗಿರುತ್ತದೆಂದು ಹೊಳೆದದ್ದು ನಮ್ಮ ರಸ್ತೆಯಲ್ಲಿ ಇಳಿದ ಮೇಲೆ. ಓಡಿದೆ. ವಯಸ್ಸಾದವರು, ಆಘಾತವಾಗಿದ್ದರೆ ಎಂದು ಓಡಿದೆ.

ಬಾಗಿಲು ತೆರೆದೇ ಇತ್ತು. ಅತ್ತೆ ಮಗಳ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು. ಬೇಸಿಗೆಯವು ಒಂದು ಕಡೆ, ಬೆಚ್ಚನೆಯವು ಒಂದು ಕಡೆ. ತಲೆಯೆತ್ತಿ ನೋಡಿದರು. ಚೀರಲಿಲ್ಲ, ಬಂದು ತಬ್ಬಿಕೊಳ್ಳಲೂ ಇಲ್ಲ. ಕೈಯಲ್ಲಿದ್ದ ಲಂಗವನ್ನು ಪೂರ್ತಿ ಮಡಿಸಿದರು.

"ಬಂದ್ಯಾ," ಎಂದರು.

ಮೆಸೇಜು ತಪ್ಪಾಗಿ ಬಂದಿದೆ, ಫೋನಾದರೂ ಮಾಡಬಾರದಿತ್ತೇ ಎಂದೆ.

"ಸತ್ತೋಳಿಗೆ ಯಾರಾದ್ರೂ ಫೋನ್ ಮಾಡ್ತಾರೇನೆ?" ಎಂದರು. "ನಿನ್ನ ಓರಗಿತ್ತಿಗೆ ಮಾಡಿದೆ. ಇಬ್ರೂ ಆಗ್ಲೇ ಕಾರಲ್ಲಿ ಹೊರಟಿದಾರೆ."

ಅವರು ಚೀಲದ ಜಿಪ್ಪನ್ನು ಅರ್ಧ ಎಳೆದು ನಿಲ್ಲಿಸಿದರು.

"ಕೆಲಸದ್ದೇನಾಯ್ತು?"

"ಹೋಯ್ತು."

"ಹಂಗಾದ್ರೆ ಸರಿಯೇ ಆಯ್ತಲ್ಲ," ಎಂದು ಉಳಿದರ್ಧ ಎಳೆದರು. "ಅಷ್ಟು ದೂರದಿಂದ ಬರ್ತಿರೋರನ್ನ ಬರಿಗೈಲಿ ವಾಪಸ್ ಕಳಿಸಕ್ಕಾಗತ್ತಾ?"

ಮಗಳು ಹೊಸಿಲ ಹತ್ತಿರ ಬೂಟು ಹಾಕಿಕೊಂಡು ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಾಸಾದ್ಯಾ ಎಂದು ಕೇಳಲಿಲ್ಲ. ಬೂಟು ಎಡಬಲ ಅದಲುಬದಲಾಗಿತ್ತು. ನೆಲದಲ್ಲಿ ಕೂತು ಎರಡನ್ನೂ ಬಿಚ್ಚಿ, ಸರಿಯಾಗಿ ಹಾಕಿ, ದಾರಿಯಲ್ಲಿ ಕಳಚದ ಹಾಗೆ ಲೇಸು ಬಿಗಿದೆ.